ಸಭೆಗೆ ಐದು ವರ್ಷ, ಕೊಳವೆಗೆ ಎಪ್ಪತ್ತೈದು

(ಸಣ್ಣ ನಗರಗಳ ಹೊಸ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ನಡುವೆ ಬಾಯಿ ಹಾಕಿದ್ದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಮೊದಲು ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ನಿಮ್ಮ ನಗರದ ನೆಲದ ಕೆಳಗೆ ಒಟ್ಟು ಎಷ್ಟು ಕಿಲೋಮೀಟರ್ ನೀರಿನ ಕೊಳವೆ ಇದೆ, ಅದರಲ್ಲಿ ತೀರಾ ಹಳೆಯದು ಯಾವ ವರ್ಷದ್ದು? ಗೊತ್ತಿರುವವರು ಕೈ ಎತ್ತಿ.

(ಎರಡು ಕೈ ಎದ್ದವು. ಒಂದು ಅರ್ಧದಲ್ಲೇ ಇಳಿಯಿತು.)

ಸಂಕೋಚ ಬೇಡ. ಕೆಲಸಕ್ಕೆ ಸೇರಿದ ವಾರದಲ್ಲೇ ನಾನು ಇದೇ ಪ್ರಶ್ನೆಯನ್ನು ನನ್ನ ಮೇಲಧಿಕಾರಿಗೆ ಕೇಳಿದ್ದೆ. ಅವರು ಕಪಾಟಿನಿಂದ ಒಂದು ನಕ್ಷೆ ತೆಗೆದು ಮೇಜಿನ ಮೇಲೆ ಹರಡಿದರು. ಮಡಿಕೆಗಳಿದ್ದ ಕಡೆಯೆಲ್ಲ ಹರಿದು, ಊರು ಎಂಟು ಚೌಕಗಳಾಗಿ ಬಿದ್ದುಕೊಂಡಿತು. "ಇದರಲ್ಲಿ ಇಲ್ಲದ್ದು ವಾಲ್ವ್ ತಿರುಗಿಸುವವನ ತಲೆಯಲ್ಲಿದೆ" ಎಂದರು. ನಿಜವಾಗಿಯೂ ಇತ್ತು. ಯಾವ ತಿರುವಿನಲ್ಲಿ ಕೊಳವೆ ರಸ್ತೆಯ ಎಡದಿಂದ ಬಲಕ್ಕೆ ದಾಟುತ್ತದೆ, ಯಾವ ವಾಲ್ವ್ ಉಲ್ಟಾ ತಿರುಗುತ್ತದೆ ಎಂದು ಆತ ಕತ್ತಲಲ್ಲೂ ಹೇಳಬಲ್ಲವನಾಗಿದ್ದ. ಕೆಲವು ವರ್ಷಗಳ ಮೇಲೆ ಅವನು ನಿವೃತ್ತನಾದ. ಹಾರ ಹಾಕಿ, ಶಾಲು ಹೊದಿಸಿ, ನಾಲ್ಕು ಒಳ್ಳೆಯ ಮಾತಾಡಿ ಕಳಿಸಿಕೊಟ್ಟೆವು. ಅರ್ಧ ನಗರದ ನಕ್ಷೆ ಅವನ ಜೊತೆಯಲ್ಲೇ ಮನೆಗೆ ಹೋಯಿತು ಎಂಬುದು ಮುಂದಿನ ಸಲ ಕೊಳವೆ ಒಡೆದಾಗ ಗೊತ್ತಾಯಿತು. ನೀರು ನಿಲ್ಲಿಸುವ ವಾಲ್ವ್ ಹುಡುಕುವುದಕ್ಕೇ ಐದು ಗಂಟೆ ಹಿಡಿಯಿತು.

ನನಗೆ ಕೊಟ್ಟಿರುವ ವಿಷಯ "ಮೂಲಸೌಕರ್ಯದ ಯೋಜನೆ ಮತ್ತು ಹಣಕಾಸು". ಹಣದಿಂದ ಶುರು ಮಾಡುತ್ತೇನೆ ಎಂದು ನೀವು ನಿರೀಕ್ಷಿಸಿರಬಹುದು. ಆದರೆ ಇರುವ ಆಸ್ತಿ ಎಷ್ಟು, ಅದಕ್ಕೆ ವಯಸ್ಸೆಷ್ಟು ಎಂದು ತಿಳಿಯದವನ ಕೈಗೆ ಎಷ್ಟು ಹಣ ಕೊಟ್ಟರೂ ಅದು ಕಣ್ಣಿಗೆ ಕಾಣುವ ಕಡೆಗೇ ಹರಿಯುತ್ತದೆ: ಸ್ವಾಗತ ಕಮಾನು, ವೃತ್ತದ ನಡುವಿನ ಕಾರಂಜಿ, ಕಚೇರಿಯ ಮುಂದಿನ ಗ್ರಾನೈಟ್. ಹಾಗಾಗಿ ಆಯಸ್ಸಿನಿಂದ ಶುರು ಮಾಡೋಣ.

ಊರಿನ ಒಂದೊಂದು ವಸ್ತುವಿಗೂ ಒಂದೊಂದು ಆಯಸ್ಸು. ನೀರೆತ್ತುವ ಪಂಪು ಹದಿನೈದು ಇಪ್ಪತ್ತು ವರ್ಷ ದುಡಿಯುತ್ತದೆ. ಡಾಂಬರಿನ ಮೇಲುಹೊದಿಕೆ ಹತ್ತು ಹನ್ನೆರಡು ವರ್ಷ ಬಂದರೆ ಪುಣ್ಯ. ಒಳ್ಳೆಯ ಕೊಳವೆಯನ್ನು ಚೆನ್ನಾಗಿ ಹೂತಿದ್ದರೆ ಎಪ್ಪತ್ತೈದು, ನೂರು ವರ್ಷ. ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿ ವರ್ಸೈ ಅರಮನೆಯ ಕಾರಂಜಿಗಳಿಗೆಂದು 1660ರ ದಶಕದಲ್ಲಿ ಹಾಕಿಸಿದ ಎರಕದ ಕಬ್ಬಿಣದ ಕೊಳವೆಗಳು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನೀರು ಹರಿಸಿದವು. ರಾಜ ಹೋದ, ರಾಜ್ಯ ಹೋಯಿತು, ಕ್ರಾಂತಿಯೇ ಆಗಿಹೋಯಿತು, ಕೊಳವೆ ಉಳಿಯಿತು. ಇಷ್ಟೆಲ್ಲದರ ನಡುವೆ ಚುನಾಯಿತ ಸಭೆಯ ಆಯಸ್ಸು ನಾಲ್ಕೋ ಐದೋ ವರ್ಷ. ನಮ್ಮ ಕಷ್ಟ ಅರ್ಧಕ್ಕರ್ಧ ಹುಟ್ಟುವುದು ಇಲ್ಲಿಂದಲೇ. ಐದು ವರ್ಷ ಕೂರುವ ಸಭೆ ಎಪ್ಪತ್ತೈದು ವರ್ಷ ಬಾಳುವ ವಸ್ತುವಿನ ಬಗ್ಗೆ ತೀರ್ಮಾನ ಮಾಡಬೇಕು.

ಒಂದು ಚಿಕ್ಕ ಲೆಕ್ಕ ಮಾಡೋಣ, ಕಾಗದವೂ ಬೇಡ. ನಗರದಲ್ಲಿ 120 ಕಿಲೋಮೀಟರ್ ಕೊಳವೆ ಇದೆ, ಆಯಸ್ಸು 75 ವರ್ಷ ಎಂದುಕೊಳ್ಳಿ. ಭಾಗಿಸಿದರೆ 1.6. ಅಂದರೆ ಪ್ರತಿ ವರ್ಷ 1.6 ಕಿಲೋಮೀಟರ್ ಹಳೆಯ ಕೊಳವೆ ತೆಗೆದು ಹೊಸದು ಹಾಕುತ್ತಿದ್ದರೆ ಮಾತ್ರ ಊರು ಇದ್ದಲ್ಲೇ ಇರುತ್ತದೆ. ಮುಂದಕ್ಕೆ ಹೋಗುವುದಲ್ಲ, ಇದ್ದಲ್ಲೇ ಇರುವುದು. ನಾನು ಕಂಡ ಒಂದು ಊರಿನಲ್ಲಿ ವರ್ಷಕ್ಕೆ ಸರಾಸರಿ 200 ಮೀಟರ್ ಬದಲಾಗುತ್ತಿತ್ತು. 120 ಕಿಲೋಮೀಟರಿಗೆ ಆ ಲೆಕ್ಕ ಹಾಕಿದರೆ ಕೊನೆಯ ಕೊಳವೆಗೆ ಸರದಿ ಬರುವುದು 600 ವರ್ಷದ ಮೇಲೆ. ಆ ಊರಿನ ಬಜೆಟ್ ಪ್ರತಿ ವರ್ಷ ಉಳಿತಾಯದ್ದೇ ಆಗಿರುತ್ತಿತ್ತು, ಪತ್ರಿಕೆಯಲ್ಲಿ ಹಾಗೆಂದೇ ಬರುತ್ತಿತ್ತು. ಖರ್ಚು ಮಾಡದೆ ಬಿಟ್ಟದ್ದನ್ನು ಉಳಿಸಿದ್ದು ಎಂದು ಕರೆಯುವ ಅಭ್ಯಾಸ ನಮಗೆ ಯಾವಾಗ ಅಂಟಿಕೊಂಡಿತೋ ತಿಳಿಯದು. ನೆಲದ ಕೆಳಗೆ ಬೆಳೆಯುತ್ತಿರುವ ಆ ಸಾಲಕ್ಕೆ ಬಡ್ಡಿಯೂ ಉಂಟು. ನೋಟೀಸು ಮಾತ್ರ ಬರುವುದಿಲ್ಲ.

ಈಗ ರಸ್ತೆಗೆ ಬರೋಣ, ನಿಮ್ಮ ಮನೆ ಬಾಗಿಲಿಗೆ ಜನ ಬರುವುದು ಅದಕ್ಕೇ ತಾನೆ.

ರಸ್ತೆಯ ಮುಪ್ಪು ಮನುಷ್ಯನ ಮುಪ್ಪಿನ ಹಾಗೆ ಹಂತ ಹಂತವಾಗಿ ಬರುವುದಿಲ್ಲ. ಎಂಜಿನಿಯರುಗಳು ಇದಕ್ಕೆ ಒಂದು ವಕ್ರರೇಖೆ ಬರೆಯುತ್ತಾರೆ. ಆಯಸ್ಸಿನ ಮೊದಲ ಮುಕ್ಕಾಲು ಭಾಗದಲ್ಲಿ ರಸ್ತೆ ತನ್ನ ಗುಣಮಟ್ಟದ ಸುಮಾರು 40 ಶೇಕಡಾ ಕಳೆದುಕೊಳ್ಳುತ್ತದೆ, ಅದೂ ನಿಧಾನವಾಗಿ, ಹೊರಗೆ ತೋರಗೊಡದೆ. ಆಮೇಲೆ ಆಯಸ್ಸಿನ ಎಂಟನೆಯ ಒಂದು ಭಾಗದಷ್ಟು ಅವಧಿಯಲ್ಲೇ ಇನ್ನೊಂದು 40 ಶೇಕಡಾ ಜಾರಿಹೋಗುತ್ತದೆ. ಬೆಟ್ಟದ ಅಂಚಿನವರೆಗೂ ಸಮತಟ್ಟು, ಅಲ್ಲಿಂದ ಪ್ರಪಾತ. ಅಂಚಿಗೆ ಬರುವ ಮೊದಲೇ ಕೂದಲಿನಷ್ಟು ತೆಳುವಾದ ಬಿರುಕುಗಳಿಗೆ ಡಾಂಬರು ತುಂಬಿ, ಮೇಲೆ ಒಂದು ತೆಳು ಪದರ ಹಾಕಿದರೆ ಸಣ್ಣ ಖರ್ಚಿನಲ್ಲಿ ರಸ್ತೆ ಇನ್ನೂ ಹಲವು ವರ್ಷ ಬಾಳುತ್ತದೆ. ಅಂಚು ದಾಟಿದ ಮೇಲೆ ಅಡಿಪಾಯದಿಂದ ಅಗೆಯಬೇಕು, ಖರ್ಚು ಎಷ್ಟೋ ಪಟ್ಟು.

ಹಾಗಾದರೆ ಸಭೆಗಳು ಮಾಡುವುದೇನು? ಅತ್ಯಂತ ಕೆಟ್ಟ ರಸ್ತೆ ಯಾವುದೆಂದು ಕೇಳುತ್ತವೆ, ಅದನ್ನೇ ಮೊದಲು ಹಿಡಿಯುತ್ತವೆ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸತ್ತುಹೋದ ರಸ್ತೆ ಇನ್ನಷ್ಟು ಸಾಯುವುದಿಲ್ಲ. ಇವತ್ತು ಅಗೆದರೂ ಎರಡು ವರ್ಷ ಬಿಟ್ಟು ಅಗೆದರೂ ಖರ್ಚು ಹೆಚ್ಚು ಕಡಿಮೆ ಅಷ್ಟೇ. ಅದೇ ಎರಡು ವರ್ಷದಲ್ಲಿ ಅಂಚಿಗೆ ಬಂದು ನಿಂತಿದ್ದ ಹತ್ತು ರಸ್ತೆಗಳು ಕೆಳಗೆ ಬಿದ್ದಿರುತ್ತವೆ. "ಚೆನ್ನಾಗಿರುವ ರಸ್ತೆಗೆ ಯಾಕಯ್ಯಾ ಖರ್ಚು" ಎಂದು ಜನ ಬೈಯುತ್ತಾರೆ. ಬೈಸಿಕೊಳ್ಳಿ. ಹಣದಲ್ಲಿ ಒಂದು ಪಾಲನ್ನು ಮಾತ್ರ ಹಾಳಾದ ರಸ್ತೆಗೆ ಇಟ್ಟು, ದೊಡ್ಡ ಪಾಲನ್ನು ಇನ್ನೂ ಚೆನ್ನಾಗಿರುವುದನ್ನು ಚೆನ್ನಾಗಿಯೇ ಇಡುವುದಕ್ಕೆ ಬಳಸಿದ ಊರಿನ ರಸ್ತೆಗಳು ಹತ್ತು ವರ್ಷದ ಕೊನೆಗೆ ಒಟ್ಟಾರೆ ಮೇಲಿರುತ್ತವೆ.

ರಸ್ತೆಯನ್ನು ಕೊಲ್ಲುವುದು ಇಬ್ಬರು. ಮೊದಲನೆಯದು ನೀರು, ಅದನ್ನು ಹೆಚ್ಚು ವಿವರಿಸಬೇಕಿಲ್ಲ. ಚರಂಡಿ ಕಟ್ಟಿದ ಕಡೆ ರಸ್ತೆ ಕೆಡುತ್ತದೆ, ಡಾಂಬರಿಗೆ ಖರ್ಚು ಮಾಡುವ ಮೊದಲು ಚರಂಡಿಯ ಹೂಳು ತೆಗೆಸಿ. ಎರಡನೆಯದು ಭಾರ, ಇದರ ಕತೆ ಸ್ವಾರಸ್ಯವಾಗಿದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಒಟ್ಟಾವಾ ಎಂಬ ಒಂದು ಸಣ್ಣ ಊರಿದೆ. 1958ರಿಂದ 1960ರವರೆಗೆ ಅಲ್ಲಿ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, ಸೈನಿಕರನ್ನು ಚಾಲಕರನ್ನಾಗಿ ಕೂರಿಸಿ, ಬೇರೆ ಬೇರೆ ಭಾರದ ಲಾರಿಗಳನ್ನು ಹಗಲು ರಾತ್ರಿ ಸುತ್ತಿಸಿದರು. ರಸ್ತೆ ಹಾಳಾಗುವವರೆಗೂ ಸುತ್ತಿಸಿದರು. ಕೊನೆಗೆ ಸಿಕ್ಕ ಲೆಕ್ಕ: ಒಂದು ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗೆ ಆಗುವ ಪೆಟ್ಟು ಸುಮಾರಾಗಿ ಅದರ ನಾಲ್ಕನೆಯ ಘಾತದಲ್ಲಿ ಹೆಚ್ಚುತ್ತದೆ. ಭಾರ ಎರಡು ಪಟ್ಟಾದರೆ ಪೆಟ್ಟು ಹದಿನಾರು ಪಟ್ಟು, ಹತ್ತು ಪಟ್ಟಾದರೆ ಹತ್ತು ಸಾವಿರ ಪಟ್ಟು. ಕಾರಿನ ಒಂದು ಅಚ್ಚಿನ ಮೇಲೆ ಮುಕ್ಕಾಲು ಟನ್ ಇದ್ದರೆ, ತುಂಬಿದ ಲಾರಿಯ ಅಚ್ಚಿನ ಮೇಲೆ ಏಳೂವರೆ ಟನ್ ಇರುತ್ತದೆ. ಲೆಕ್ಕ ನೀವೇ ಹಾಕಿ. ಎಷ್ಟೋ ಬಡಾವಣೆಯ ಒಳರಸ್ತೆಗಳಲ್ಲಿ ವಾರವಿಡೀ ಓಡಾಡುವ ಅತಿ ಭಾರದ ವಾಹನ ಯಾವುದು ಗೊತ್ತೆ? ನಿಮ್ಮದೇ ಕಸದ ಲಾರಿ. ಲಾರಿ ಯಾವ ಹಾದಿ ಹಿಡಿಯಬೇಕು, ಎಲ್ಲಿಂದ ಚಿಕ್ಕ ವಾಹನ ಬರಬೇಕು ಎಂಬ ತೀರ್ಮಾನ ಆರೋಗ್ಯ ವಿಭಾಗದ್ದು ಎಂದು ನಾವು ತಿಳಿದಿದ್ದೇವೆ. ಅದು ರಸ್ತೆಯ ಬಜೆಟ್ಟಿನ ತೀರ್ಮಾನವೂ ಹೌದು.

ರಸ್ತೆ ಮಾಡಿ ಮುಗಿಸಿದ ಮೇಲೆ ಕೊಳವೆಗಾಗಿ ಅಗೆಯುವ ಕತೆಯನ್ನು ನಾನು ಹೇಳಬೇಕಿಲ್ಲ, ನೀವು ನನಗೆ ಹೇಳಬಲ್ಲಿರಿ. ಇದಕ್ಕೆ ಮದ್ದು ಸರಳ, ಜಾರಿಗೆ ತರುವುದೇ ಕಷ್ಟ. ನೀರು, ಒಳಚರಂಡಿ, ವಿದ್ಯುತ್ತು, ದೂರವಾಣಿ, ರಸ್ತೆ ಈ ಐವರೂ ವರ್ಷಕ್ಕೆ ಎರಡು ಸಲ ಒಂದೇ ನಕ್ಷೆಯ ಸುತ್ತ ಕೂರಬೇಕು. ಐದು ಬೇರೆ ನಕ್ಷೆಗಳ ಸುತ್ತ ಅಲ್ಲ. ಹೊಸ ಡಾಂಬರು ಬಿದ್ದ ಮೇಲೆ ಇಂತಿಷ್ಟು ವರ್ಷ ಅಗೆಯಲು ಅಪ್ಪಣೆ ಇಲ್ಲ, ತುರ್ತಿಗೆ ಅಗೆದರೆ ರಸ್ತೆಯ ಪೂರ್ತಿ ಅಗಲಕ್ಕೆ ಸರಿಮಾಡಿಕೊಡಬೇಕು ಎಂಬ ನಿಯಮ ಅನೇಕ ದೇಶಗಳ ನಗರಗಳಲ್ಲಿ ಇದೆ. ನಿಯಮ ಮಾಡುವುದು ಸುಲಭ. ಅದನ್ನು ಮೊದಲು ಮುರಿಯುವುದು ನಗರಸಭೆಯ ನೀರಿನ ವಿಭಾಗವೇ ಆಗಿರುತ್ತದೆ, ಆಗ ದಂಡ ಯಾರು ಯಾರಿಗೆ ಹಾಕಬೇಕು ಎಂದು ಕಡತ ಓಡಾಡುತ್ತದೆ.

(ನಗು.)

ಕೊಳವೆಯ ವಿಷಯದಲ್ಲಿ ಒಂದು ರಾತ್ರಿಯ ಅನುಭವ ಹೇಳುತ್ತೇನೆ. ಬೇಸಿಗೆ. ಹೊಸ ಕೊಳವೆಬಾವಿ, ಹೊಸ ಪಂಪು, ಹೊಸ ಟ್ಯಾಂಕು ಬೇಕೆಂದು ಸಭೆಯಲ್ಲಿ ದೊಡ್ಡ ಬೇಡಿಕೆ. ಅಂದಾಜು ಪಟ್ಟಿಯೂ ತಯಾರಾಗಿತ್ತು. ಒಬ್ಬ ಹಿರಿಯ ಎಂಜಿನಿಯರು ಒಂದು ವಾರ ತಡೆಯಿರಿ ಎಂದರು. ಸುಮಾರು ಎಂಟು ನೂರು ಮನೆಗಳ ಒಂದು ಬಡಾವಣೆಯನ್ನು ಆರಿಸಿ, ಅಲ್ಲಿಗೆ ಒಂದೇ ಕೊಳವೆಯಿಂದ ನೀರು ಹೋಗುವಂತೆ ಉಳಿದ ವಾಲ್ವ್‌ಗಳನ್ನು ಮುಚ್ಚಿಸಿ, ಆ ಕೊಳವೆಗೆ ಮೀಟರ್ ಕೂರಿಸಿದರು. ರಾತ್ರಿ ಎರಡರಿಂದ ನಾಲ್ಕರವರೆಗೆ ಓದಬೇಕು. ಆ ಹೊತ್ತಿನಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ, ಯಾರೂ ಗಿಡಕ್ಕೆ ನೀರು ಹಾಕುವುದಿಲ್ಲ. ಮುಳ್ಳು ಬಹುಪಾಲು ಸುಮ್ಮನಿರಬೇಕು. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಸೆಕೆಂಡಿಗೆ ನಾಲ್ಕು ಲೀಟರ್ ಓಡುತ್ತಿತ್ತು.

ದಿನಕ್ಕೆ 86,400 ಸೆಕೆಂಡು. ಹಗಲು ಒತ್ತಡ ಬದಲಾಗುವುದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ಆದರೂ ಹತ್ತಿರ ಹತ್ತಿರ ಮೂರೂವರೆ ಲಕ್ಷ ಲೀಟರ್. ಒಬ್ಬರಿಗೆ ದಿನಕ್ಕೆ ನೂರು ಲೀಟರ್ ಎಂದರೂ ಸುಮಾರು 3,400 ಜನರ ನೀರು ಒಂದೇ ಬಡಾವಣೆಯ ಮಣ್ಣಿಗೆ ಹೋಗುತ್ತಿತ್ತು. ಆಮೇಲೆ ಕೆಲಸಗಾರನೊಬ್ಬ ಆಲಿಸುವ ಕೋಲು ತಂದ. ಉದ್ದನೆಯ ಕಬ್ಬಿಣದ ಸರಳು, ಮೇಲ್ತುದಿಯಲ್ಲಿ ಕಿವಿಗೆ ಒತ್ತಿಕೊಳ್ಳುವ ಬಟ್ಟಲು. ಅಷ್ಟೇ ಯಂತ್ರ. ವಾಲ್ವಿನ ಮೇಲೆ ಒಂದು ತುದಿ ಇಟ್ಟು, ಇನ್ನೊಂದಕ್ಕೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಂತ. ಹತ್ತು ಹೆಜ್ಜೆ ಮುಂದೆ ಹೋದ, ಮತ್ತೆ ನಿಂತ. ನನಗೂ ಕೊಟ್ಟ. ದೂರದಲ್ಲಿ ಯಾರೋ ಬಾಣಲೆಗೆ ಒಗ್ಗರಣೆ ಹಾಕಿದಂಥ ಸಣ್ಣ ಚುರುಗುಡುವ ಸದ್ದು. "ಇಲ್ಲೇ ಸ್ವಾಮಿ" ಎಂದ. ಮರುದಿನ ಅಗೆದಾಗ ಅವನು ತೋರಿಸಿದ ಜಾಗದಿಂದ ಒಂದು ಮೊಳ ಆಚೆ ಸೋರಿಕೆ ಸಿಕ್ಕಿತು. ಮೇಲೆ ನೆಲ ಒಣಗಿತ್ತು. ನೀರು ಪಕ್ಕದ ಹಳೆಯ ಚರಂಡಿಗೆ ದಾರಿ ಮಾಡಿಕೊಂಡಿತ್ತು. ಆ ವರ್ಷ ಹೊಸ ಕೊಳವೆಬಾವಿ ಬೇಕಾಗಲಿಲ್ಲ.

ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಊರಿನಲ್ಲಿ ಈ ಪರೀಕ್ಷೆ ಮಾಡಲು ಒಂದು ಬಡಾವಣೆಗೆ ಒಂದು ರಾತ್ರಿ ಪೂರ್ತಿ ನೀರು ಬಿಡಬೇಕಾಗುತ್ತದೆ, ಮೊದಲು ಮನೆಗಳ ತೊಟ್ಟಿಗಳು ತುಂಬಬೇಕು, ಆಮೇಲೆ ಅಳೆಯಬೇಕು. ಕಷ್ಟವಿದೆ, ಅಸಾಧ್ಯವಲ್ಲ. ಅಂಥ ಊರಿನಲ್ಲಿ ಇದರ ಅಗತ್ಯವೂ ಹೆಚ್ಚು. ನೀರು ನಿಂತ ಹೊತ್ತಿನಲ್ಲಿ ಕೊಳವೆಯೊಳಗೆ ಒತ್ತಡ ಇರುವುದಿಲ್ಲ, ಸೋರಿಕೆಯ ಬಾಯಿಯಿಂದಲೇ ಸುತ್ತಲಿನ ಕೊಳಕು ಒಳಗೆ ಬರುತ್ತದೆ.

ಇನ್ನು ಯಾವ ಕೆಲಸ ಮೊದಲು ಎಂಬ ಪ್ರಶ್ನೆ. ಬಹಳ ಕಡೆ ಇದಕ್ಕಿರುವ ಉತ್ತರ ಹಂಚಿಕೆ. ಒಟ್ಟು ಹಣವನ್ನು ವಾರ್ಡುಗಳ ಸಂಖ್ಯೆಯಿಂದ ಭಾಗಿಸಿ, ನಿಮ್ಮ ಪಾಲು ನಿಮಗೆ, ನನ್ನ ಪಾಲು ನನಗೆ. ಜಗಳವಿಲ್ಲ, ಸಭೆ ಬೇಗ ಮುಗಿಯುತ್ತದೆ. ಆದರೆ ಕೊಳವೆಗೆ ವಾರ್ಡಿನ ಗಡಿ ಗೊತ್ತಿಲ್ಲ. ತಗ್ಗಿನ ವಾರ್ಡಿನಲ್ಲಿ ಮಳೆನೀರು ನಿಲ್ಲುವುದಕ್ಕೆ ಕಾರಣ ಮೇಲಿನ ವಾರ್ಡಿನ ಕಿರಿದಾದ ಚರಂಡಿ. ಮೇಲಿನವರಿಗೆ ಅದು ತೊಂದರೆಯೇ ಅಲ್ಲ, ಅವರ ಪಾಲಿನ ಹಣ ಉದ್ಯಾನದ ಬೇಲಿಗೆ ಹೋಗುತ್ತದೆ. ಎಲ್ಲರಿಗೂ ಸಮಪಾಲು ಸಿಕ್ಕಿತು, ತಗ್ಗಿನವರ ಮನೆಗೆ ನೀರೂ ನುಗ್ಗಿತು.

ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟಿನ ಹೊಸ ಕಾಮಗಾರಿಗಳ ಭಾಗವನ್ನು ಜನರ ಸಭೆಗಳ ಮುಂದಿಟ್ಟಿತು. ಅದನ್ನು ಹೊಗಳುವವರು ಜನ ಸೇರಿದ್ದನ್ನಷ್ಟೇ ಹೇಳುತ್ತಾರೆ. ನನಗೆ ಮೆಚ್ಚುಗೆಯಾದದ್ದು ಅವರ ಅಂಕಪಟ್ಟಿ. ಪ್ರತಿ ಭಾಗಕ್ಕೂ ಮೂರು ವಿಷಯದಲ್ಲಿ ಅಂಕ: ಅಲ್ಲಿ ಆ ಸೌಲಭ್ಯದ ಕೊರತೆ ಎಷ್ಟು, ಜನಸಂಖ್ಯೆ ಎಷ್ಟು, ಅಲ್ಲಿನ ಜನ ಅದನ್ನು ಎಷ್ಟನೆಯ ಆದ್ಯತೆ ಎಂದರು. ಒಳಚರಂಡಿ ಇಲ್ಲದವರಿಗೆ ಒಳಚರಂಡಿಯಲ್ಲಿ ಹೆಚ್ಚು ಅಂಕ. ಅಂಕ ಕೂಡಿಸಿದ ಮೇಲೆ ಹಣ ಹಂಚಿಕೆ. ಕೂಗಾಡುವುದಕ್ಕೆ ಅವಕಾಶ ಇತ್ತು, ಆದರೆ ಯಾವುದರ ಬಗ್ಗೆ ಕೂಗಾಡುತ್ತಿದ್ದೇವೆ ಎಂಬುದು ಎಲ್ಲರಿಗೂ ಗೋಡೆಯ ಮೇಲೆ ಕಾಣುತ್ತಿತ್ತು. ನಿಮ್ಮಲ್ಲಿ ಇಷ್ಟು ದೊಡ್ಡದಾಗಿ ಮಾಡಲಾಗದಿದ್ದರೂ ಅಂಕದ ಆಧಾರಗಳನ್ನು ಕೆಲಸಗಳ ಪಟ್ಟಿ ಬರುವ ಮೊದಲೇ ಗೊತ್ತುಮಾಡಿಕೊಳ್ಳಿ. ಪಟ್ಟಿ ಬಂದ ಮೇಲೆ ಆಧಾರ ಹುಡುಕಿದರೆ ಪ್ರತಿಯೊಬ್ಬರೂ ತಮ್ಮ ಕೆಲಸಕ್ಕೆ ಒಪ್ಪುವ ಆಧಾರವನ್ನೇ ಹುಡುಕುತ್ತಾರೆ.

ಬ್ರೆಜಿಲಿನದೇ ಇನ್ನೊಂದು ಪಾಠ. ಒಳಚರಂಡಿ ಎಂದರೆ ರಸ್ತೆಯ ನಡುವೆ ಆಳವಾಗಿ ಅಗೆದು, ದಪ್ಪ ಕೊಳವೆ ಹಾಕಿ, ಅಡಿಗಡಿಗೆ ಆಳುಗುಂಡಿ ಕಟ್ಟುವುದು ಎಂದೇ ನಾವು ಕಲಿತಿದ್ದೇವೆ. ಕೊಳಚೆ ತಾನಾಗಿ ಹರಿಯಬೇಕು, ಸೆಕೆಂಡಿಗೆ ಅರ್ಧ ಮೀಟರಿಗಿಂತ ಹೆಚ್ಚು ವೇಗ ಇಲ್ಲದಿದ್ದರೆ ಗಸಿ ಕೆಳಗೆ ಕೂರುತ್ತದೆ. ಹಾಗಾಗಿ ಇಳಿಜಾರು ಕೊಡುತ್ತಾ ಕೊಡುತ್ತಾ ಕೊಳವೆ ಪಾತಾಳಕ್ಕೆ ಇಳಿಯುತ್ತದೆ, ಖರ್ಚು ಆಕಾಶಕ್ಕೆ ಏರುತ್ತದೆ. 1980ರ ದಶಕದ ಮೊದಲಲ್ಲಿ ನಟಾಲ್ ನಗರದಲ್ಲಿ ಇದನ್ನೇ ಪ್ರಶ್ನಿಸಿದರು. ಭಾರದ ವಾಹನ ಓಡಾಡದ ಕಡೆ, ಅಂದರೆ ಪಾದಚಾರಿ ಹಾದಿಯ ಕೆಳಗೆ, ಹಿತ್ತಲುಗಳ ಮೂಲಕ, ಸಣ್ಣ ಕೊಳವೆಯನ್ನು ಮೇಲೆಯೇ ಹಾಯಿಸಿ ಒಂದು ಸಾಲಿನ ಮನೆಗಳನ್ನೆಲ್ಲ ಒಂದು ಕುಟುಂಬದಂತೆ ಜೋಡಿಸಿದರು. ಆಮೇಲೆ ರಾಜಧಾನಿ ಬ್ರೆಸಿಲಿಯಾದಲ್ಲೂ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದರು. ನೆರೆಹೊರೆಯವರ ನಡುವೆ ಒಪ್ಪಂದ ಬೇಕು, ಕಟ್ಟಿಕೊಂಡರೆ ಯಾರು ಬಿಡಿಸಬೇಕೆಂಬ ತಕರಾರು ಇದ್ದದ್ದೇ. ಆದರೂ ಸಲಹೆಗಾರರು ತರುವ ವಿನ್ಯಾಸ ಒಂದೇ ಆಗಿದ್ದರೆ, "ಇದನ್ನು ಇದರ ಅರ್ಧ ಆಳದಲ್ಲಿ ಮಾಡಲು ಯಾಕೆ ಆಗುವುದಿಲ್ಲ?" ಎಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ.

ಇನ್ನು ಹಣ.

ಸಣ್ಣ ನಗರಕ್ಕೆ ಹಣ ಬರುವ ದಾರಿ ಮೂರು: ಸ್ವಂತ ತೆರಿಗೆ ಮತ್ತು ಶುಲ್ಕ, ಮೇಲಿನ ಸರ್ಕಾರದ ಅನುದಾನ, ಸಾಲ. ಅನುದಾನ ಬಂದರೆ ನಾವು ಸಿಹಿ ಹಂಚುತ್ತೇವೆ. ಆದರೆ ಹೆಚ್ಚಿನ ಅನುದಾನ ಕಟ್ಟುವುದಕ್ಕೆ ಬರುತ್ತದೆ, ನಡೆಸುವುದಕ್ಕಲ್ಲ. ನಾನು ಬಲ್ಲ ಒಂದು ಕೊಳಚೆ ಶುದ್ಧೀಕರಣ ಘಟಕವನ್ನು ಪೂರ್ತಿ ಅನುದಾನದಲ್ಲೇ ಕಟ್ಟಿದ್ದರು. ಉದ್ಘಾಟನೆಯ ದಿನ ಗಾಳಿ ಊದುವ ಯಂತ್ರ ಗುಡುಗಿತು, ತೊಟ್ಟಿಯಲ್ಲಿ ನೊರೆ ಎದ್ದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆರು ತಿಂಗಳಿಗೆ ವಿದ್ಯುತ್ ಬಿಲ್ಲು ಕಟ್ಟಲಾಗದೆ ಯಂತ್ರ ನಿಂತಿತು. ಕೊಳಚೆ ಒಂದು ಕಡೆಯಿಂದ ಒಳಗೆ ಬಂದು, ಘಟಕವನ್ನೆಲ್ಲ ಸುತ್ತಿ ನೋಡಿಕೊಂಡು, ಬಂದ ಹಾಗೆಯೇ ಇನ್ನೊಂದು ಕಡೆಯಿಂದ ಹಳ್ಳಕ್ಕೆ ಹೋಗುತ್ತಿತ್ತು. ಪ್ರವಾಸಿಯ ಹಾಗೆ. ಉಚಿತವಾಗಿ ಬಂದದ್ದನ್ನು ಬೇಡ ಎನ್ನುವ ಧೈರ್ಯ ಯಾವ ಸಭೆಗೂ ಇರುವುದಿಲ್ಲ, ಇರಬೇಕೆಂದೂ ನಾನು ಹೇಳುವುದಿಲ್ಲ. ಠರಾವಿನ ಜೊತೆ ಒಂದು ಹಾಳೆ ಲಗತ್ತಿಸಿ: ಮೊದಲ ಹತ್ತು ವರ್ಷ ವಿದ್ಯುತ್ತು, ಸಿಬ್ಬಂದಿ, ಬಿಡಿಭಾಗ, ಗಸಿ ಸಾಗಣೆ ಇವಕ್ಕೆ ವರ್ಷಕ್ಕೆ ಎಷ್ಟು, ಅದು ಯಾವ ಲೆಕ್ಕದ ಶೀರ್ಷಿಕೆಯಿಂದ. ಹಾಳೆ ಖಾಲಿಯಿದ್ದರೆ ಸಹಿ ಬೇಡ.

ಸಾಲ ಎಂದರೆ ನಮ್ಮಲ್ಲಿ ಒಂದು ಅಂಜಿಕೆ. ಮನೆಯ ಹಿರಿಯರು ಕಲಿಸಿದ್ದು, ತಪ್ಪಲ್ಲ. ಆದರೆ ಲಂಡನ್ನಿನದನ್ನು ನೋಡಿ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ತಿನ ಕಿಟಕಿಗಳಿಗೇ ನುಗ್ಗಿತು. ಮೂಗಿಗೆ ಬಟ್ಟೆ ಹಿಡಿದುಕೊಂಡೇ ಸದಸ್ಯರು ಕೆಲವೇ ವಾರಗಳಲ್ಲಿ ಕಾಯ್ದೆ ಮಾಡಿದರು: ಒಳಚರಂಡಿಗೆ 30 ಲಕ್ಷ ಪೌಂಡ್ ಸಾಲ, ಅದನ್ನು ತೀರಿಸಲು ಮನೆಗಳ ಮೇಲೆ 40 ವರ್ಷದ ತೆರಿಗೆ. ಜೋಸೆಫ್ ಬಾಜಲ್‌ಗೆಟ್ ಕಟ್ಟಿದ ಇಟ್ಟಿಗೆಯ ಆ ಕಾಲುವೆಗಳು ಇವತ್ತಿಗೂ ಕೆಲಸ ಮಾಡುತ್ತಿವೆ. ಅವಧಿ ನಲವತ್ತು ವರ್ಷ, ಬಾಳಿಕೆ ಅದರ ನಾಲ್ಕು ಪಟ್ಟು. 1890ರಲ್ಲಿ ಮನೆ ಮಾಡಿದವನೂ ತಾನು ಬಳಸುವ ಚರಂಡಿಗೆ ತನ್ನ ಪಾಲು ಕೊಟ್ಟ. ಎಲ್ಲವನ್ನೂ 1858ರವರ ಜೇಬಿನಿಂದಲೇ ಕೇಳಿದ್ದರೆ ಚರಂಡಿಯೂ ಆಗುತ್ತಿರಲಿಲ್ಲ, ಕೇಳುವುದು ನ್ಯಾಯವೂ ಆಗುತ್ತಿರಲಿಲ್ಲ. ಸಾಲದ ಆಯಸ್ಸು ವಸ್ತುವಿನ ಆಯಸ್ಸಿಗಿಂತ ಚಿಕ್ಕದಿರಬೇಕು, ನನಗೆ ಗೊತ್ತಿರುವ ನಿಯಮ ಇಷ್ಟೇ. ಹತ್ತು ವರ್ಷದ ಡಾಂಬರಿಗೆ ಇಪ್ಪತ್ತು ವರ್ಷದ ಸಾಲ ಮಾಡಿದರೆ, ಇಲ್ಲದ ರಸ್ತೆಗೆ ಹತ್ತು ವರ್ಷ ಕಂತು ಕಟ್ಟುತ್ತೀರಿ.

ಸಾಲ ಕೊಡುವವನು ಸಣ್ಣ ಊರನ್ನು ನೋಡಿ ಹಿಂಜರಿಯುತ್ತಾನೆ. ದಾಖಲೆ, ವಕೀಲರು, ಸಾಲಾರ್ಹತೆಯ ಶ್ರೇಣಿ ಈ ಖರ್ಚೆಲ್ಲ ಹತ್ತು ಕೋಟಿಯ ಸಾಲಕ್ಕೂ ನೂರು ಕೋಟಿಯ ಸಾಲಕ್ಕೂ ಹೆಚ್ಚು ಕಡಿಮೆ ಒಂದೇ. ಇದಕ್ಕೆ ಡೆನ್ಮಾರ್ಕಿನ ಸ್ಥಳೀಯ ಸಂಸ್ಥೆಗಳು 1898ರಲ್ಲೇ ಒಂದು ದಾರಿ ಕಂಡುಕೊಂಡವು. ಎಲ್ಲವೂ ಸೇರಿ ಕೊಮ್ಯೂನೆಕ್ರೆಡಿಟ್ ಎಂಬ ಒಂದೇ ಸಂಸ್ಥೆ ಕಟ್ಟಿಕೊಂಡು, ಒಟ್ಟಿಗೆ ಸಾಲ ಎತ್ತಿ, ಒಟ್ಟಿಗೆ ಹೊಣೆ ಹೊತ್ತವು. ಅಮೆರಿಕದ ವರ್ಮಾಂಟ್ ರಾಜ್ಯ 1969ರಲ್ಲಿ, ಸ್ವೀಡನ್ನಿನ ಕೆಲವು ಸ್ಥಳೀಯ ಸಂಸ್ಥೆಗಳು 1986ರಲ್ಲಿ ಇದೇ ಜಾಡು ಹಿಡಿದವು. ಭಾರತದಲ್ಲಿ ಅಹಮದಾಬಾದ್ 1998ರಲ್ಲಿ ಸರ್ಕಾರದ ಖಾತರಿ ಇಲ್ಲದೆ ನೂರು ಕೋಟಿ ರೂಪಾಯಿಯ ಬಾಂಡ್, ಅಂದರೆ ಸಾಲಪತ್ರ, ಮಾರಿತು. ಅದಕ್ಕೆ ಮೊದಲು ತೆರಿಗೆ ವಸೂಲಿಯನ್ನೂ ಲೆಕ್ಕಪತ್ರವನ್ನೂ ಸರಿಪಡಿಸಿಕೊಂಡಿತು ಎಂಬ ಭಾಗವನ್ನು ಮಾತ್ರ ಎಲ್ಲರೂ ಬಿಟ್ಟು ಹೇಳುತ್ತಾರೆ. ಅದು ದೊಡ್ಡ ನಗರ. ಸಣ್ಣವರಿಗೆ ಮಾದರಿ ತಮಿಳುನಾಡಿನದು. ಹದಿಮೂರು ಸಣ್ಣ ಮತ್ತು ಮಧ್ಯಮ ಸ್ಥಳೀಯ ಸಂಸ್ಥೆಗಳ ನೀರು, ನೈರ್ಮಲ್ಯದ ಕೆಲಸಗಳನ್ನು ಒಂದೇ ನಿಧಿಯಲ್ಲಿ ಕೂಡಿಸಿ ಸುಮಾರು 30 ಕೋಟಿ ರೂಪಾಯಿಯ ಬಾಂಡ್ ತಂದರು. ಒಂದೊಂದಾಗಿ ಹೋಗಿದ್ದರೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ.

ಸಾಲ ಕೆಟ್ಟರೆ ಹೇಗಿರುತ್ತದೆ ಎನ್ನುವುದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಜೆಫರ್ಸನ್ ಕೌಂಟಿ, ಅಂದರೆ ಅಲ್ಲಿನ ಒಂದು ಜಿಲ್ಲೆ, ಸಾಕು. ಒಳಚರಂಡಿ ಸರಿಪಡಿಸಲು ಮಾಡಿದ ಸಾಲವನ್ನು ಬಡ್ಡಿದರ ಏರಿಳಿಯುವ ಸಾಲವಾಗಿ ಬದಲಿಸಿ, ಅದರ ಮೇಲೆ ಸಾಮಾನ್ಯರಿಗೆ ಅರ್ಥವಾಗದ ಬಡ್ಡಿ ವಿನಿಮಯದ ಒಪ್ಪಂದಗಳನ್ನು ಹೇರಿಕೊಂಡರು. ನಡುವೆ ಲಂಚವೂ ಓಡಾಡಿತು, ಹಲವರು ಜೈಲಿಗೆ ಹೋದರು. 2008ರ ಆರ್ಥಿಕ ಕುಸಿತದಲ್ಲಿ ಬಡ್ಡಿ ಹಾರಿತು, 2011ರ ನವೆಂಬರಿನಲ್ಲಿ 400 ಕೋಟಿ ಡಾಲರಿನಷ್ಟು ಸಾಲದೊಂದಿಗೆ ಕೌಂಟಿ ದಿವಾಳಿ ಅರ್ಜಿ ಹಾಕಿತು. ನಿಮಗೆ ಯಾರಾದರೂ ಒಂದು ಹಣಕಾಸಿನ ಯೋಜನೆ ತಂದಾಗ, ಅದನ್ನು ನಿಮ್ಮ ಮನೆಯವರಿಗೆ ಐದು ನಿಮಿಷದಲ್ಲಿ ವಿವರಿಸಲು ಆಗದಿದ್ದರೆ ಕೈ ಎತ್ತಬೇಡಿ.

ಹಾಗೆಂದು ಉಳಿತಾಯವೇ ಕ್ಷೇಮ ಎಂದೂ ಅಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರವನ್ನು ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿ ನಡೆಸುತ್ತಿದ್ದಾಗ, 2014ರ ಏಪ್ರಿಲಿನಲ್ಲಿ ಹಣ ಉಳಿಸಲೆಂದು ಡೆಟ್ರಾಯಿಟಿನ ನೀರು ಬಿಟ್ಟು ಊರಿನ ನದಿಯ ನೀರನ್ನು ಕೊಳವೆಗೆ ಬಿಟ್ಟರು. ಆ ನೀರು ಕೊಳವೆಯನ್ನು ತಿನ್ನುವಂಥದ್ದು. ತುಕ್ಕು ತಡೆಯುವ ರಾಸಾಯನಿಕ ಬೆರೆಸಲಿಲ್ಲ. ಮನೆಗಳಿಗೆ ಹೋಗುವ ಹಳೆಯ ಸೀಸದ ಕೊಳವೆಗಳಿಂದ ಸೀಸ ಮಕ್ಕಳ ಹೊಟ್ಟೆಗೆ ಹೋಯಿತು. ಒಂದೂವರೆ ವರ್ಷಕ್ಕೆ ಹಳೆಯ ನೀರಿಗೇ ಮರಳಿದರು. ಪರಿಹಾರದ ಮೊತ್ತವೇ 60 ಕೋಟಿ ಡಾಲರ್ ದಾಟಿತು. ಯಾವ ಮನೆಗೆ ಯಾವ ಕೊಳವೆ ಎಂಬ ನಂಬಬಹುದಾದ ದಾಖಲೆ ಅಲ್ಲೂ ಇರಲಿಲ್ಲ, ಎಷ್ಟೋ ಕಡೆ ಅಗೆದೇ ನೋಡಬೇಕಾಯಿತು. ಆ ಹರಿದ ನಕ್ಷೆ ನನಗೊಬ್ಬನಿಗೆ ಸಿಕ್ಕಿದ್ದಲ್ಲ.

ಶುಲ್ಕದ ಬಗ್ಗೆ ಎರಡೇ ಮಾತು. 1873ರಿಂದ ಮೂರು ವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಮೇಯರ್ ಆಗಿದ್ದ ಜೋಸೆಫ್ ಚೇಂಬರ್ಲೇನ್ ಖಾಸಗಿ ಅನಿಲ ಕಂಪನಿಗಳನ್ನೂ ನೀರಿನ ಕಂಪನಿಯನ್ನೂ ನಗರಕ್ಕೆ ಕೊಂಡುಕೊಂಡ. ಅನಿಲದಲ್ಲಿ ಲಾಭ ಮಾಡಿ ಊರಿಗೆ ಹಾಕೋಣ, ನೀರಿನಲ್ಲಿ ಲಾಭ ಬೇಡ, ಮಿಕ್ಕಿದರೆ ದರ ಇಳಿಸೋಣ ಎಂಬುದು ಅವನ ನಿಲುವು. ಲಾಭ ಬೇಡ ಎಂದನೇ ಹೊರತು ನಷ್ಟ ಮಾಡೋಣ ಎನ್ನಲಿಲ್ಲ. ಇನ್ನು ಹೊಸ ರಸ್ತೆಯಿಂದ ಪಕ್ಕದ ಜಮೀನಿನ ಬೆಲೆ ಏರಿದಾಗ ಆ ಏರಿಕೆಯಲ್ಲಿ ಒಂದು ಪಾಲನ್ನು ನಗರ ಕೇಳುವ ಪದ್ಧತಿ ಕೊಲಂಬಿಯಾದಲ್ಲಿ 1921ರಿಂದಲೂ ಕಾನೂನಾಗಿದೆ. ನಿಮ್ಮ ಕಾನೂನು ಎಷ್ಟು ಅವಕಾಶ ಕೊಡುತ್ತದೆ ಎಂದು ಮುಖ್ಯಾಧಿಕಾರಿಯನ್ನು ಕೇಳಿ.

(ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಸದಸ್ಯೆ ಎದ್ದು ನಿಂತರು: "ಸರ್, ನೀವು ಹೇಳಿದ್ದೆಲ್ಲ ನೆಲದ ಕೆಳಗಿನದು. ಐದು ವರ್ಷ ಕಳೆದ ಮೇಲೆ ನಾನು ಜನಕ್ಕೆ ಏನನ್ನು ತೋರಿಸಲಿ?")

ಸರಿಯಾದ ಪ್ರಶ್ನೆ ಅಮ್ಮಾ, ಮತ್ತು ನಾನು ಚುನಾವಣೆಗೆ ನಿಲ್ಲಬೇಕಾದವನಲ್ಲ, ಹಾಗಾಗಿ ಸುಲಭವಾಗಿ ಮಾತಾಡುತ್ತೇನೆ. ಎರಡು ಸಲಹೆ ಕೊಡಬಲ್ಲೆ. ಒಂದು, ಆ ರಾತ್ರಿಯ ಮೀಟರಿನ ಅಂಕಿಯನ್ನು ಪ್ರತಿ ತಿಂಗಳೂ ಕಚೇರಿಯ ಬಾಗಿಲಲ್ಲಿ ಬರೆಸಿ. ನಾಲ್ಕಿದ್ದದ್ದು ಮೂರಾದರೆ ಜನ ಕೇಳುತ್ತಾರೆ ಏನಿದು ಎಂದು, ಆಗ ಹೇಳಿ. ಎರಡು, ಕೊಳವೆ ಹೂಳುವ ದಿನ ನಿಮ್ಮ ಬೀದಿಯವರನ್ನು ಕರೆದುಕೊಂಡು ಹೋಗಿ ಕಂದಕದ ಅಂಚಿನಲ್ಲಿ ನಿಲ್ಲಿ. ಅಳತೆ ಪುಸ್ತಕದಲ್ಲಿ ಒಂದು ಮೀಟರ್ ಆಳ ಎಂದು ಬರೆದದ್ದು ನೆಲದಲ್ಲಿ ಅರ್ಧ ಮೀಟರ್ ಇರಬಹುದು. ಕೊಳವೆಯ ಕೆಳಗೆ ಮರಳಿನ ಹಾಸು ಇರಬೇಕಾದ ಕಡೆ ಕಲ್ಲು ಇರಬಹುದು, ಆ ಒಂದು ಕಲ್ಲು ಇಪ್ಪತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಕೊಳವೆಯನ್ನು ಒಡೆಯುತ್ತದೆ. ಮುಚ್ಚುವ ಮೊದಲು ಒತ್ತಡ ಕೊಟ್ಟು ಪರೀಕ್ಷೆ ಮಾಡಿದರೇ ಎಂದು ಕೇಳಿ, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಮೂಲೆಯ ಕಂಬದಿಂದ ಎಷ್ಟು ದೂರ ಎಂದು ಬರೆದುಕೊಳ್ಳಿ. ಎಪ್ಪತ್ತೈದು ವರ್ಷದ ವಸ್ತುವನ್ನು ಕಣ್ಣಿನಿಂದ ನೋಡಲು ಸಿಗುವುದು ಆ ಎರಡು ಮೂರು ಗಂಟೆ ಮಾತ್ರ.

ನಾಳೆ ಬೆಳಿಗ್ಗೆ ಏಳಕ್ಕೆ ಶಿಬಿರದವರು ನಿಮ್ಮನ್ನು ಅಂಥದ್ದೇ ಒಂದು ಕಾಮಗಾರಿಯ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಗುತ್ತಿಗೆದಾರರು ಎಂಟಕ್ಕೆ ಮಣ್ಣು ಎಳೆಯುತ್ತಾರಂತೆ. ತಿಂಡಿ ಆಮೇಲೆ ಮಾಡೋಣ.